ಎಸ್‌ಎಸ್‌ಡಿ ಪೆಟ್ಟಿಗೆಯ ಮೇಲಿನ ವೇಗ ಯಾರ ಕಂಪ್ಯೂಟರಿನದು?

ಮಾನ್ಯ ಸಂಪಾದಕರೇ,

ಹಬ್ಬದ ದಿನಗಳು ಹತ್ತಿರವಾದಂತೆ ಪತ್ರಿಕೆಗಳಲ್ಲಿ ಕಂಪ್ಯೂಟರ್ ಬಿಡಿಭಾಗಗಳ ರಿಯಾಯಿತಿ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ಗೇಮಿಂಗ್ ಕಂಪ್ಯೂಟರಿಗೆ ಹಾಕುವ ಎಸ್‌ಎಸ್‌ಡಿಯ (ಚಿಪ್ಪುಗಳಲ್ಲಿ ಮಾಹಿತಿ ಉಳಿಸುವ, ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್) ಜಾಹೀರಾತಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿರುವುದು ಒಂದೇ ಸಂಖ್ಯೆ: ಸೆಕೆಂಡಿಗೆ 7,000 ಎಂಬಿ, ಇತ್ತೀಚೆಗೆ 14,000 ಎಂಬಿ. ಆ ಸಂಖ್ಯೆಯನ್ನು ನಂಬಿ ದುಡ್ಡು ಕೊಟ್ಟವರಲ್ಲಿ ನಾನೂ ಒಬ್ಬಳು. ಸಂಖ್ಯೆ ಸುಳ್ಳಲ್ಲ, ಆದರೆ ಅದು ಡ್ರೈವಿಗೆ ಸಾಧ್ಯವಿರುವ ವೇಗವೇ ಹೊರತು ಕೊಂಡವರ ಮನೆಯ ಕಂಪ್ಯೂಟರಿನಲ್ಲಿ ಸಿಗುವ ವೇಗವಲ್ಲ, ಈ ವ್ಯತ್ಯಾಸವನ್ನು ದುಡ್ಡು ಎಣಿಸುವ ಮುಂಚೆ ಹೇಳುವವರು ಯಾರೂ ಇಲ್ಲ ಎಂಬುದೇ ನನ್ನ ದೂರು.

ನನ್ನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಕಂಪ್ಯೂಟರನ್ನು ಜೋಡಿಸಿದ್ದು 2021ರ ಕೊನೆಯಲ್ಲಿ. ಚಿಪ್ಪುಗಳ ಅಭಾವವೂ ಕ್ರಿಪ್ಟೊ ಗಣಿಗಾರಿಕೆಯೂ ಸೇರಿ ಗ್ರಾಫಿಕ್ಸ್ ಕಾರ್ಡುಗಳ ಬೆಲೆ ಕೈಗೆಟುಕದಂತಾಗಿದ್ದ ಕಾಲವದು. ಹಾಗಾಗಿ ಗ್ರಾಫಿಕ್ಸ್ ತನ್ನೊಳಗೇ ಇರುವ ಎಎಂಡಿ ರೈಜೆನ್ 5 5600ಜಿ ಪ್ರೊಸೆಸರನ್ನೂ ಬಿ550 ಮದರ್‌ಬೋರ್ಡನ್ನೂ ಹಾಕಿಸಿದೆವು. ಆಗ ನಮ್ಮಂತಹ ಎಷ್ಟೋ ಮನೆಗಳು ಹುಡುಕಿಕೊಂಡ ದಾರಿ ಅದೇ. ಗ್ರಾಫಿಕ್ಸ್ ಕಾರ್ಡ್ ಎರಡು ವರ್ಷ ತಡವಾಗಿ ಬಂತು. ಆಟಗಳೆಲ್ಲ ಹಳೆಯ ಹಾರ್ಡ್ ಡಿಸ್ಕಿನಲ್ಲೇ ಉಳಿದವು. ಒಂದು ಆಟ ತೆರೆದುಕೊಳ್ಳುವಷ್ಟರಲ್ಲಿ ಮಗ ಅಡುಗೆಮನೆಗೆ ಬಂದು ನೀರು ಕುಡಿದು ಹೋಗುತ್ತಿದ್ದ. ಕಳೆದ ವರ್ಷ ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋದಾಗ, ಟೌನ್ ಹಾಲ್ ಹತ್ತಿರದ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಅವನನ್ನು ಕರೆದುಕೊಂಡು ಹೋದೆ.

ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಬೋರ್ಡ್ ಯಾವುದು ಮೇಡಂ?" ಬಿ550 ಎಂದ ಕೂಡಲೇ, "ಅದು ಜೆನ್ 4 ಬೋರ್ಡು, ಕಣ್ಣು ಮುಚ್ಚಿಕೊಂಡು ಜೆನ್ 4 ಡ್ರೈವ್ ತಗೊಳ್ಳಿ" ಎಂದು 7,300 ಎಂಬಿ ವೇಗದ 1 ಟಿಬಿ ಡ್ರೈವನ್ನು ಮುಂದಿಟ್ಟರು. ಜೆನ್ ಎಂದರೆ ಪೀಳಿಗೆ; ಡ್ರೈವಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವ, ಪಿಸಿಐಇ ಎಂಬ ದಾರಿ ಎಷ್ಟನೆಯ ಪೀಳಿಗೆಯದು ಎಂಬ ಲೆಕ್ಕ. ಪಕ್ಕದಲ್ಲೇ 3,500 ಎಂಬಿ ವೇಗದ ಜೆನ್ 3 ಡ್ರೈವ್ ಸುಮಾರು ಮೂರು ಸಾವಿರ ರೂಪಾಯಿ ಕಡಿಮೆಗೆ ಇತ್ತು. ದುಪ್ಪಟ್ಟು ವೇಗಕ್ಕೆ ಮೂರು ಸಾವಿರ ಹೆಚ್ಚಲ್ಲ ಎಂದು ಲೆಕ್ಕ ಹಾಕಿದವಳು ನಾನೇ. ಗಣಿತ ಕಲಿಸುವವಳಿಗೆ ಆ ಲೆಕ್ಕ ಸರಿಯೆಂದೇ ಕಂಡಿತು.

ಊರಿಗೆ ಬಂದು ಡ್ರೈವನ್ನು ಹಾಕುವಾಗ ನಾನೂ ಪಕ್ಕದಲ್ಲಿ ಕುಳಿತಿದ್ದೆ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ, ಚೂಯಿಂಗ್ ಗಮ್ ಪಟ್ಟಿಯಂತಹ ಒಂದು ತುಂಡು. 2280 ಎಂಬ ಹೆಸರು ಬಂದಿರುವುದೂ ಈ ಅಳತೆಯಿಂದಲೇ. ಅದನ್ನು ಓರೆಯಾಗಿ ಸ್ಲಾಟಿಗೆ ತೂರಿಸಿ, ಮೆಲ್ಲಗೆ ಒತ್ತಿ ಮಲಗಿಸಿ, ತುದಿಗೆ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಒಂದು ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಎಸ್‌ಎಸ್‌ಡಿಯ ಪೆಟ್ಟಿಗೆಯಲ್ಲಿರಲಿಲ್ಲ. ಮದರ್‌ಬೋರ್ಡಿನ ಹಳೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಹುಡುಕಬೇಕಾಯಿತು. ಶಾಖ ಹೊರಹಾಕುವ ಲೋಹದ ಹೊದಿಕೆಯಾದ ಹೀಟ್‌ಸಿಂಕಿನ ಕೆಳಗಿನ ಮೆತ್ತನೆಯ ಪ್ಯಾಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಸುಲಿದು ತೆಗೆಯಬೇಕೆಂಬುದೂ ಎಲ್ಲಿಯೂ ಎದ್ದು ಕಾಣುವಂತೆ ಬರೆದಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟರೆ ಶಾಖ ಸರಿಯಾಗಿ ಹೊರಗೆ ದಾಟುವುದಿಲ್ಲ, ಬಿಸಿಯಾದ ಡ್ರೈವ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ.

ಎಲ್ಲ ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ವೇಗವನ್ನು ಅಳೆದರೆ ಬಂದದ್ದು 3,500 ಎಂಬಿಯ ಆಸುಪಾಸು. ಡ್ರೈವ್ ನಕಲಿಯಿರಬೇಕೆಂದು ಮೊದಲು ಅನುಮಾನಿಸಿದೆವು. ಅದರ ಜೊತೆಯ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದಾಗ ವಿಷಯ ಬಯಲಾಯಿತು. ಅಲ್ಲಿ ಒಂದೇ ಸಾಲಿನಲ್ಲಿ ಎರಡು ಮಾಹಿತಿ ಅಕ್ಕಪಕ್ಕ ಇರುತ್ತವೆ: ಡ್ರೈವ್ ಈಗ ಓಡುತ್ತಿರುವ ದರ್ಜೆ ಒಂದು, ಓಡಬಲ್ಲ ದರ್ಜೆ ಇನ್ನೊಂದು. ನಮ್ಮದರಲ್ಲಿ ಎಡಗಡೆ ಪಿಸಿಐಇ 3.0 (ಅಂದರೆ ಜೆನ್ 3), ಬಲಗಡೆ ಪಿಸಿಐಇ 4.0 (ಜೆನ್ 4) ಎಂದಿತ್ತು. ಬಿ550 ಬೋರ್ಡಿನಲ್ಲಿ ವೇಗದ ಎಂ.2 ಸ್ಲಾಟಿಗೆ (ಈ ಪಟ್ಟಿಯಂತಹ ಡ್ರೈವ್ ಕೂರುವ ಜಾಗ) ದಾರಿ ಬರುವುದು ಬೋರ್ಡಿನಿಂದಲ್ಲ, ನೇರವಾಗಿ ಪ್ರೊಸೆಸರಿನಿಂದ. ನಮ್ಮ 5600ಜಿ ಪ್ರೊಸೆಸರಿಗಿರುವುದು ಮೂರನೆಯ ಪೀಳಿಗೆಯ ದಾರಿ ಮಾತ್ರ. ಹೆಸರಿನ ಕೊನೆಯಲ್ಲಿ ಜಿ ಅಕ್ಷರವಿಲ್ಲದ ರೈಜೆನ್ 5 5600 ಆಗಿದ್ದರೆ ನಾಲ್ಕನೆಯ ಪೀಳಿಗೆಯದು ಸಿಗುತ್ತಿತ್ತು. ಇಂಟೆಲ್ ಕಡೆಯಲ್ಲೂ ಹತ್ತನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಜೆನ್ 4 ಇಲ್ಲ, ಅದು ಬಂದದ್ದು ಹನ್ನೊಂದನೆಯದರಲ್ಲಿ. ಪ್ರೊಸೆಸರ್ ಸರಿಯಿದ್ದರೂ ಬಿ550 ಬೋರ್ಡಿನ ಎರಡನೆಯ ಸ್ಲಾಟಿಗೆ ಡ್ರೈವ್ ಹಾಕಿದರೆ ಅದು ಸಾಮಾನ್ಯವಾಗಿ ಚಿಪ್‌ಸೆಟ್ (ಬೋರ್ಡಿನದೇ ನಿಯಂತ್ರಕ ಚಿಪ್) ಮೂಲಕ ಹಾದು ಮತ್ತೆ ಜೆನ್ 3 ವೇಗಕ್ಕೇ ಇಳಿಯುತ್ತದೆ.

ನಮ್ಮ ಹಾಸನದವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಸಕಲೇಶಪುರದವರೆಗೆ ರಸ್ತೆ ಎಷ್ಟೇ ಅಗಲವಾಗಲಿ, ಮಂಗಳೂರು ತಲುಪುವ ಹೊತ್ತನ್ನು ನಿರ್ಧರಿಸುವುದು ಶಿರಾಡಿ ಘಾಟಿ. ಜೆನ್ 3 ದಾರಿಯ ನಾಲ್ಕು ಪಥಗಳಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 3,900 ಎಂಬಿಯಷ್ಟು ಸಾಗಬಹುದು, ಜೆನ್ 4ರಲ್ಲಿ ಅದರ ಎರಡರಷ್ಟು, ಜೆನ್ 5ರಲ್ಲಿ ನಾಲ್ಕರಷ್ಟು. ಇವೆಲ್ಲವುಗಳ ಹೊರಮೈ ಒಂದೇ, ಸ್ಲಾಟೂ ಒಂದೇ ಬಗೆಯದು. ಯಾವ ಡ್ರೈವನ್ನು ಎಲ್ಲಿ ಹಾಕಿದರೂ ಕೆಲಸ ಮಾಡುವುದರಿಂದ, ಅರ್ಧ ವೇಗದಲ್ಲಿ ಓಡುತ್ತಿದೆಯೆಂಬುದು ಅಳೆಯದವರಿಗೆ ಎಂದೂ ತಿಳಿಯುವುದಿಲ್ಲ.

ಇಲ್ಲಿಗೆ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಮಗನ ಗೆಳೆಯನ ಬಳಿ ಜಿ ಅಕ್ಷರವಿಲ್ಲದ 5600 ಇರುವ ಕಂಪ್ಯೂಟರಿದೆ. ಅದೇ ಡ್ರೈವನ್ನು ಅಲ್ಲಿಗೆ ಒಯ್ದು, ಅದೇ ಆಟವನ್ನು ತೆರೆದು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಮೂರು ಸಲ ಅಳೆದೆವು. ಹಳೆಯ ಹಾರ್ಡ್ ಡಿಸ್ಕಿನಲ್ಲಿ 1 ನಿಮಿಷ 40 ಸೆಕೆಂಡು ಹಿಡಿಯುತ್ತಿದ್ದ ಆಟ ನಮ್ಮ ಮನೆಯಲ್ಲಿ 19 ಸೆಕೆಂಡಿಗೆ ತೆರೆದುಕೊಂಡಿತು. 7,000 ಎಂಬಿ ದಾಟಿ ಓಡಿದ ಗೆಳೆಯನ ಮನೆಯಲ್ಲಿ 17 ಸೆಕೆಂಡಿಗೆ. ಮೂರು ಸಾವಿರ ರೂಪಾಯಿ ಹೆಚ್ಚು ತೆತ್ತು, ಪ್ರೊಸೆಸರನ್ನೂ ಬದಲಿಸಿದ್ದರೂ ನಮಗೆ ಸಿಗುತ್ತಿದ್ದ ಲಾಭ ಎರಡು ಸೆಕೆಂಡು.

ಕಾರಣ ಸ್ಪಷ್ಟವಿದೆ. ಪೆಟ್ಟಿಗೆಯ ಮೇಲೆ ಬರೆಯುವುದು ಒಂದು ದೊಡ್ಡ ಕಡತವನ್ನು ಆರಂಭದಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದುವ ವೇಗ. ಆಟ ಶುರುವಾಗುವಾಗ ಕಂಪ್ಯೂಟರ್ ಅಲ್ಲೊಂದು ಇಲ್ಲೊಂದು ಸಾವಿರಾರು ಸಣ್ಣ ತುಣುಕುಗಳನ್ನು ಓದುತ್ತದೆ. ಅಂತಹ ಓದಿನಲ್ಲಿ ಒಳ್ಳೆಯ ಡ್ರೈವುಗಳೂ ಸಾಮಾನ್ಯವಾಗಿ ಸೆಕೆಂಡಿಗೆ ನೂರು ಎಂಬಿಯ ಆಸುಪಾಸಿನಲ್ಲೇ ಇರುತ್ತವೆ, ಜೆನ್ 3ಕ್ಕೂ ಜೆನ್ 4ಕ್ಕೂ ಅಲ್ಲಿ ಅಂತರ ಕಡಿಮೆ. ಓದಿದ್ದನ್ನು ಬಿಚ್ಚಿ ಹರಡುವ ಕೆಲಸ ಪ್ರೊಸೆಸರಿನದು, ಅದಕ್ಕೂ ಹೊತ್ತು ಬೇಕು. ಈ ಭಾರವನ್ನು ಹಗುರ ಮಾಡಲು ಮೈಕ್ರೊಸಾಫ್ಟ್ 2022ರಲ್ಲಿ ಡೈರೆಕ್ಟ್‌ಸ್ಟೋರೇಜ್ ಎಂಬ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು, ಆದರೆ ಅದನ್ನು ಬಳಸುವ ಆಟಗಳು ಇಂದಿಗೂ ಕೆಲವೇ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬರುವುದು ಹಗಲು ರಾತ್ರಿಯ ವ್ಯತ್ಯಾಸ. ಒಂದು ಎಸ್‌ಎಸ್‌ಡಿಯಿಂದ ಇನ್ನೂ ವೇಗದ ಎಸ್‌ಎಸ್‌ಡಿಗೆ ಹೋಗುವುದು ಇಂದಿನ ಬಹುಪಾಲು ಆಟಗಳಿಗೆ ಅಂತಹ ವ್ಯತ್ಯಾಸವೇ ಅಲ್ಲ. ಪ್ಲೇಸ್ಟೇಷನ್ 5ರ ಮಾತು ಬೇರೆ: ಅದರ ಹೆಚ್ಚುವರಿ ಸ್ಲಾಟಿಗೆ ಸೋನಿಯೇ ಸೆಕೆಂಡಿಗೆ 5,500 ಎಂಬಿಯ ಡ್ರೈವನ್ನು ಶಿಫಾರಸು ಮಾಡುತ್ತದೆ. ಮುಂದೆ ಹೊಸ ಪ್ರೊಸೆಸರ್ ಹಾಕಿಸುವ ಯೋಚನೆಯಿದ್ದು ಬೆಲೆಯ ಅಂತರ ನೂರಿನ್ನೂರು ರೂಪಾಯಿಯಾದರೆ ಜೆನ್ 4 ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಒಂದೊಂದು ಆಟ 100 ಜಿಬಿ ದಾಟುತ್ತಿರುವಾಗ, 1 ಟಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವಾಗ, ಆ ಮೂರು ಸಾವಿರವನ್ನು ವೇಗದ ಬದಲು ಜಾಗಕ್ಕೆ ಹಾಕಬೇಕಿತ್ತು. ಮಗ ಈಗ ಹೊಸ ಆಟ ಇಳಿಸಿಕೊಳ್ಳಬೇಕಾದರೆ ಹಳೆಯದೊಂದನ್ನು ಅಳಿಸುತ್ತಾನೆ.

ವೇಗಕ್ಕಿಂತ ಮುಖ್ಯವಾದ ಸಂಗತಿಗಳು ಪೆಟ್ಟಿಗೆಯ ಮೇಲೆ ಇರುವುದೇ ಇಲ್ಲ ಎಂಬುದನ್ನೂ ಹೇಳಬೇಕು. ಒಳಗಿನ ಚಿಪ್ಪಿನ ಒಂದೊಂದು ಕೋಶದಲ್ಲಿ ಮೂರು ಬಿಟ್ ಹಿಡಿಸುವುದು ಟಿಎಲ್‌ಸಿ, ನಾಲ್ಕು ಹಿಡಿಸುವುದು ಕ್ಯೂಎಲ್‌ಸಿ. ಎರಡನೆಯದು ಅಗ್ಗ, ಆದರೆ ಬರೆಯುವ ವೇಗವೂ ಬಾಳಿಕೆಯೂ ಸಾಮಾನ್ಯವಾಗಿ ಕಡಿಮೆ. ದೊಡ್ಡ ಆಟವೊಂದನ್ನು ನಕಲಿಸುವಾಗ ಕ್ಯಾಷ್ (ಬರೆಯುವುದನ್ನು ತಾತ್ಕಾಲಿಕವಾಗಿ ಹಿಡಿದಿಡುವ ವೇಗದ ಭಾಗ) ತುಂಬಿತೆಂದರೆ ಕೆಲವು ಕ್ಯೂಎಲ್‌ಸಿ ಡ್ರೈವುಗಳು ಹಾರ್ಡ್ ಡಿಸ್ಕಿನ ಮಟ್ಟಕ್ಕೇ ಕುಸಿಯುತ್ತವೆ. 2021ರಲ್ಲಿ ಹೆಸರಾಂತ ತಯಾರಕರೇ ಮಾಡೆಲ್ಲಿನ ಹೆಸರನ್ನು ಹಾಗೇ ಉಳಿಸಿಕೊಂಡು ಒಳಗಿನ ಚಿಪ್ಪನ್ನು ಬದಲಿಸಿದ್ದು ಬೆಳಕಿಗೆ ಬಂದಿತ್ತು. ವಾರಂಟಿಯ ಐದು ವರ್ಷ ಎಂಬುದು ದೊಡ್ಡದಾಗಿ ಕಾಣುತ್ತದೆ. ಒಟ್ಟು ಇಷ್ಟು ಟಿಬಿ ಬರೆದ ಮೇಲೆ, ಐದು ವರ್ಷ ತುಂಬದಿದ್ದರೂ, ವಾರಂಟಿ ಮುಗಿಯುತ್ತದೆಂಬ ಮಿತಿ ಮಾತ್ರ ಜಾಲತಾಣದ ಯಾವುದೋ ಮೂಲೆಯಲ್ಲಿರುತ್ತದೆ. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವುಗಳಲ್ಲಿ ಈ ಮಿತಿ ಹೆಚ್ಚಾಗಿ 600 ಟಿಬಿ. ಆಟ ಆಡುವವರಿಗೆ ಅಷ್ಟು ಧಾರಾಳ ಸಾಕು, ಆದರೆ ಅದನ್ನು ಕೊಳ್ಳುವ ಮುಂಚೆ ತಿಳಿಯುವ ಹಕ್ಕು ನಮಗಿದೆ.

2025ರ ಕೊನೆಯ ತಿಂಗಳುಗಳಿಂದ, ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ. ಇದರ ಮೇಲೆ ಶೇ 18ರ ಜಿಎಸ್‌ಟಿ. ದುಬಾರಿಯಾದಷ್ಟೂ ಜನ ಅಗ್ಗದ್ದನ್ನು ಹುಡುಕುತ್ತಾರೆ, ಬಳಸಿದ ಡ್ರೈವುಗಳು ಹೊಸದರ ವೇಷದಲ್ಲಿ ಬರುವುದೂ ಹೆಚ್ಚುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆನ್‌ಲೈನ್‌ನಲ್ಲಿ ಹೊಸದೆಂದು ತರಿಸಿದ ಡ್ರೈವ್ ಅದಾಗಲೇ ನಾಲ್ಕು ಸಾವಿರ ಗಂಟೆಗೂ ಹೆಚ್ಚು ಓಡಿತ್ತೆಂದು ಅದೇ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೋರಿಸಿತು. ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ ನೋಡಿದ್ದರಿಂದ ಹಣ ವಾಪಸ್ ಬಂತು.

ಅಂಗಡಿಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಬೋರ್ಡಿನ ಜೊತೆಗೆ ಪ್ರೊಸೆಸರಿನ ಪೂರ್ಣ ಹೆಸರನ್ನೂ ಕೇಳಲಿ, ಕೊಡುತ್ತಿರುವ ಡ್ರೈವ್ ಆ ಕಂಪ್ಯೂಟರಿನಲ್ಲಿ ಯಾವ ದರ್ಜೆಯಲ್ಲಿ ಓಡುತ್ತದೆಂಬುದನ್ನು ಬಿಲ್ಲಿನ ಮೇಲೆ ಒಂದು ಸಾಲು ಬರೆದುಕೊಡಲಿ. ಗೊತ್ತಿದ್ದವರಿಗೆ ಅದು ಅರ್ಧ ನಿಮಿಷದ ಕೆಲಸ. ಹಾಗೆ ಬರೆಸಿಕೊಂಡರೆ, ಮುಂದೆ ತಕರಾರಾದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗಲೂ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವಾಗಲೂ ಕೈಯಲ್ಲೊಂದು ಆಧಾರವಿರುತ್ತದೆ. ಐದು ಲಕ್ಷ ರೂಪಾಯಿಯವರೆಗಿನ ಖರೀದಿಯ ದೂರಿಗೆ ಆಯೋಗದಲ್ಲಿ ಶುಲ್ಕವೂ ಇಲ್ಲ. ಪೊಟ್ಟಣಗಳ ಮೇಲೆ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕೆನ್ನುವ 2011ರ ನಿಯಮಗಳು ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಪಡಿಸುವುದಿಲ್ಲ. ಚಿಪ್ಪಿನ ಬಗೆ, ಬರಹದ ಮಿತಿ, ಬೇಕಾದ ಪ್ರೊಸೆಸರ್ ಎಂಬ ಮೂರು ಸಾಲುಗಳು ಕನ್ನಡದಲ್ಲಿದ್ದರೆ ಹಳ್ಳಿಯಿಂದ ಬಂದು ಮಕ್ಕಳಿಗಾಗಿ ಕೊಳ್ಳುವ ತಂದೆತಾಯಂದಿರಿಗೆ ಎಷ್ಟೋ ಅನುಕೂಲ.

ತಮ್ಮ ಪತ್ರಿಕೆಯಲ್ಲೂ ಒಂದು ವಿನಂತಿ ಇದೆ. ಹಬ್ಬದ ಜಾಹೀರಾತುಗಳು ಬರುವ ವಾರವೇ, ತಂತ್ರಜ್ಞಾನದ ಅಂಕಣದಲ್ಲಿ ಯಾವ ಪ್ರೊಸೆಸರಿಗೆ ಯಾವ ಪೀಳಿಗೆಯ ಎಸ್‌ಎಸ್‌ಡಿ ಸಾಕೆಂಬ ಒಂದು ಪಟ್ಟಿಯನ್ನು ಪ್ರಕಟಿಸಿ. ಅದನ್ನು ಕತ್ತರಿಸಿಟ್ಟುಕೊಂಡು ಎಸ್.ಪಿ. ರಸ್ತೆಗೆ ಹೋಗುವವರು ನಮ್ಮ ಶಾಲೆಯ ಪೋಷಕರಲ್ಲೇ ಹಲವರಿದ್ದಾರೆ.

ಇಂತಿ ತಮ್ಮ ಓದುಗಿ,
ಪ್ರೌಢಶಾಲಾ ಗಣಿತ ಶಿಕ್ಷಕಿ, ಹಾಸನ