ಇನ್ಮುಂದೆ ಮಿನಿ ಬುಲ್‌ಡಾಗ್ ಮರಿ ತರಿಸಿಕೊಡುವುದಿಲ್ಲ: ನಮ್ಮ ಗ್ರಾಹಕರಿಗೊಂದು ಪತ್ರ

ಎಲ್ಲರಿಗೂ ನಮಸ್ಕಾರ,

ಮೊದಲು ವಿಷಯ ಹೇಳಿಬಿಡುತ್ತೇವೆ, ಕಾರಣ ಆಮೇಲೆ. ಮಾರ್ಚ್ 1ರಿಂದ ನಮ್ಮ ದಾವಣಗೆರೆ ಅಂಗಡಿಯಲ್ಲಿ ಮಿನಿ ಬುಲ್‌ಡಾಗ್ ಮರಿಗೆ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಅಡ್ವಾನ್ಸ್ ಕೊಟ್ಟಿರುವ ನಾಲ್ಕು ಮನೆಯವರಿಗೆ ಪೂರ್ತಿ ದುಡ್ಡು ವಾಪಸ್. ಪಗ್, ಫ್ರೆಂಚ್ ಬುಲ್‌ಡಾಗ್, ಇಂಗ್ಲಿಷ್ ಬುಲ್‌ಡಾಗ್, ಒಟ್ಟಿನಲ್ಲಿ ಮೂತಿ ಚಪ್ಪಟೆ ಇರುವ ಯಾವ ನಾಯಿಗೂ ಮಾರ್ಚ್‌ನಿಂದ ಮೇ ಕೊನೆಯವರೆಗೆ ಬೆಳಿಗ್ಗೆ ಒಂಬತ್ತೂವರೆ ಆದ ಮೇಲೆ ಸ್ನಾನ, ಗ್ರೂಮಿಂಗ್ ಮಾಡುವುದಿಲ್ಲ. ಬೋರ್ಡಿಂಗ್‌ಗೆ ಬಿಡುವವರಿಗೂ ಒಂದೆರಡು ಬದಲಾವಣೆ ಇದೆ, ಕೆಳಗೆ ಬರೆದಿದ್ದೇವೆ.

"ಇಷ್ಟು ದಿನ ನೀವೇ ಮಾರಿದ್ದಲ್ವಾ, ಈಗೇನು ಹೊಸ ರೂಲ್ಸು?" ಅಂತ ನೀವು ಕೇಳಬಹುದು. ಹೌದು, ನಾವೇ ಮಾರಿದ್ದೇವೆ. ಮೂರು ವರ್ಷದಲ್ಲಿ ಹನ್ನೊಂದು ಮರಿ. ಆ ಹನ್ನೊಂದರಲ್ಲಿ ಎಂಟು ಇವತ್ತಿಗೂ ನಮ್ಮ ಅಂಗಡಿಗೇ ಆಹಾರಕ್ಕೆ, ಉಗುರು ಕತ್ತರಿಸಲಿಕ್ಕೆ ಬರುತ್ತವೆ. ಅವುಗಳನ್ನು ನೋಡಿ ನೋಡಿಯೇ ಈ ತೀರ್ಮಾನಕ್ಕೆ ಬಂದಿದ್ದು.

ಹೆಸರಿನಿಂದಲೇ ಶುರು ಮಾಡುತ್ತೇವೆ. ಮಿನಿ ಬುಲ್‌ಡಾಗ್ ಅನ್ನೋ ಜಾತಿ ನಾಯಿ ಅಂತ ಒಂದಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾ ಪಟ್ಟಿಯಲ್ಲೂ ಇಲ್ಲ, ಅಮೆರಿಕ, ಇಂಗ್ಲೆಂಡಿನ ಪಟ್ಟಿಯಲ್ಲೂ ಇಲ್ಲ. ಸಾಮಾನ್ಯವಾಗಿ ಅದು ಇಂಗ್ಲಿಷ್ ಬುಲ್‌ಡಾಗ್‌ಗೂ ಪಗ್‌ಗೂ ಹುಟ್ಟಿದ ಕ್ರಾಸ್. 2003ರಲ್ಲಿ ಟಿವಿಯಲ್ಲಿ ಹಚ್ ಮೊಬೈಲ್ ಕಂಪನಿಯ ಪಗ್ ನಾಯಿ ಜಾಹೀರಾತು ಬಂದ ಮೇಲೆ ಮನೆಮನೆಗೂ ಹಚ್ ನಾಯಿ ಬೇಕು ಅಂತಾಯ್ತು, ನೆನಪಿರಬೇಕು. ಆ ಪಗ್‌ನ ಸೈಜು, ಬುಲ್‌ಡಾಗ್‌ನ ಗತ್ತು ಎರಡೂ ಒಂದೇ ನಾಯಿಯಲ್ಲಿ ಸಿಗುತ್ತೆ ಅಂತ ಮಾರುವವರು ಹೇಳುತ್ತಾರೆ. ನಾವೂ ಹಾಗೇ ಹೇಳಿದ್ದೆವು.

ಆದರೆ ಕ್ರಾಸ್ ಮರಿ ಎಷ್ಟು ದೊಡ್ಡದಾಗುತ್ತೆ ಅಂತ ಯಾರೂ ಬರೆದುಕೊಡಲು ಆಗುವುದಿಲ್ಲ. ಪಗ್ ಆರರಿಂದ ಎಂಟು ಕೆಜಿ ತೂಗುತ್ತದೆ. ಗಂಡು ಇಂಗ್ಲಿಷ್ ಬುಲ್‌ಡಾಗ್ ಇಪ್ಪತ್ಮೂರು ಕೆಜಿ ಹತ್ತಿರ. ಇವೆರಡರ ಮಧ್ಯೆ ಎಲ್ಲಿ ಬೇಕಾದರೂ ನಿಲ್ಲಬಹುದು. ಎತ್ತರ ಒಂದಡಿಯ ಆಸುಪಾಸು, ತೂಕ ಒಂಬತ್ತರಿಂದ ಹದಿನೆಂಟು ಕೆಜಿ ಅಂತ ಹೇಳುವುದು ವಾಡಿಕೆ. ಒಂಬತ್ತಕ್ಕೂ ಹದಿನೆಂಟಕ್ಕೂ ಎಷ್ಟು ವ್ಯತ್ಯಾಸ ನೋಡಿ. "ಮಡಿಲಲ್ಲಿ ಕೂರೋ ನಾಯಿ" ಅಂತ ಹೇಳಿ ಕೊಟ್ಟಿದ್ದ ಒಂದು ಮರಿಯನ್ನು ಮೊನ್ನೆ ನಮ್ಮ ಗೋಡೌನಿನಲ್ಲಿ ಚೀಲ ತೂಗುವ ತಕ್ಕಡಿ ಮೇಲೆ ನಿಲ್ಲಿಸಿದೆವು. 17 ಕೆಜಿ 400 ಗ್ರಾಂ. ಮೂರನೇ ಮಹಡಿಯ ಮನೆ, ಲಿಫ್ಟ್ ಇಲ್ಲ. ಮನೆಯಲ್ಲಿರುವುದು ಅಜ್ಜ ಅಜ್ಜಿ ಇಬ್ಬರೇ. ನಾಯಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಅಜ್ಜನಿಗೆ ಅದನ್ನು ಎತ್ತಿಕೊಂಡರೆ ಏದುಸಿರು.

ಇನ್ನೊಂದು ಮೋಸವೂ ಇದೆ. ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲು ಮರಿಯನ್ನು ಮಿನಿ ಅಂತ ಹೆಚ್ಚು ರೇಟಿಗೆ ಮಾರುತ್ತಾರೆ. ಇಲ್ಲಾಂದ್ರೆ ತಾಯಿ ಹಾಲು ಬಿಡುವ ಮೊದಲೇ ತಂದು, ಚಿಕ್ಕದಾಗಿ ಕಾಣುವುದನ್ನೇ ಲಾಭ ಮಾಡಿಕೊಳ್ಳುತ್ತಾರೆ. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ಕೇಂದ್ರದ ನಿಯಮವೇ ಇದೆ. ಆದರೂ ನಾವು ಬೇರೆ ಊರಿಂದ ತರಿಸಿದ ಒಂದು ಮರಿಗೆ "ಅರವತ್ತು ದಿನ ಆಗಿದೆ" ಅಂತ ಚೀಟಿ ಬಂತು. ಡಾಕ್ಟ್ರು ಬಾಯಿ ತೆಗೆಸಿ ಹಲ್ಲು ನೋಡಿ, ಐದು ವಾರ ದಾಟಿದ್ದರೆ ಹೆಚ್ಚು ಅಂದರು. ಮಾರಿದವರಿಗೆ ಫೋನ್ ಮಾಡಿದರೆ ಎತ್ತಲೇ ಇಲ್ಲ. ಆ ಮರಿಗೆ ಇಪ್ಪತ್ತು ದಿನ ಎರಡು ಗಂಟೆಗೊಮ್ಮೆ ಎದ್ದು ಹಾಲು ಕುಡಿಸಿದ್ದು ನಮ್ಮ ಅಂಗಡಿಯ ಹುಡುಗ, ಪಾಪ.

ಈಗ ಉಸಿರಾಟದ ವಿಷಯ. ಇದೇ ಮುಖ್ಯ ಕಾರಣ.

ಹೋದ ವರ್ಷ ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಒಬ್ಬ ಮೇಡಂ ತಮ್ಮ ಗುಂಡನನ್ನು ಆಟೋದಲ್ಲಿ ಕರೆತಂದರು. ನಾವೇ ಕೊಟ್ಟಿದ್ದ ಮರಿ, ಹದಿನಾಲ್ಕು ತಿಂಗಳಾಗಿತ್ತು. ಆ ಟೈಮು ಕೊಟ್ಟಿದ್ದೂ ನಾವೇ. ಗೊರಗೊರ ಸದ್ದು ಮಾಡುತ್ತಿದ್ದ, ಅವನು ಯಾವಾಗಲೂ ಹಾಗೇ ಅಲ್ವಾ ಅಂತ ಸ್ನಾನ ಮಾಡಿಸಿ ಬಿಸಿಗಾಳಿಯ ಡ್ರೈಯರ್ ಹಾಕಿದೆವು. ಐದು ನಿಮಿಷ ಆಗಿರಬೇಕು. ಬಾಯಿಂದ ಗೋಂದಿನ ಹಾಗೆ ಜೊಲ್ಲು, ನಾಲಿಗೆ ನೇರಳೆ ಹಣ್ಣು ತಿಂದವರ ಥರ, ಹಿಂಗಾಲು ಕುಸಿದು ಕೂತುಬಿಟ್ಟ. ಥರ್ಮಾಮೀಟರ್ ಇಟ್ಟರೆ 41.3 ಡಿಗ್ರಿ. ಆರೋಗ್ಯವಾಗಿರುವ ನಾಯಿಗೆ 38ರಿಂದ 39ರ ಆಸುಪಾಸು ಇರುತ್ತದೆ. ಪೈಪಿನಿಂದ ಮೈತುಂಬ ನೀರು ಬಿಟ್ಟು, ಎದುರಿಗೆ ಫ್ಯಾನ್ ಇಟ್ಟು, ಸ್ವಲ್ಪ ತಣ್ಣಗಾದ ಮೇಲೆ ಕಾರಿನಲ್ಲಿ ಎಸಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಎರಡು ರಾತ್ರಿ ಡ್ರಿಪ್ಪು. ಗುಂಡ ಉಳಿದ. "ಡ್ರೈಯರ್ ಯಾಕೆ ಹಾಕಿದ್ರಿ?" ಅಂತ ಮೇಡಂ ಕೇಳಿದ್ದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿದರೇನೇ ಮೈ ತಣ್ಣಗಾಗುವುದು. ಮೂತಿ ಚಪ್ಪಟೆಯಾದ ನಾಯಿಯಲ್ಲಿ ಮೂಳೆ ಗಿಡ್ಡ ಆಗಿದೆ, ಒಳಗಿನ ಮಾಂಸ ಅಷ್ಟೇ ಇದೆ. ಅಂಗುಳಿನ ಹಿಂದಿನ ಮೆತ್ತನೆ ಭಾಗ ಉದ್ದವಾಗಿ ಗಂಟಲಿಗೆ ಅಡ್ಡ ಬರುತ್ತದೆ. ಮೂಗಿನ ಹೊಳ್ಳೆ ಅಂಗಿಯ ಕಾಜಾದಷ್ಟು ಕಿರಿದು. ಎಷ್ಟೋ ನಾಯಿಗಳಿಗೆ ಉಸಿರು ಕೊಳವೆಯೂ ಸಣ್ಣದು. ಚಪ್ಪಟೆ ಮೂತಿಯಿಂದ ಬರುವ ಈ ಉಸಿರಾಟದ ತೊಂದರೆಗೆ ಡಾಕ್ಟರುಗಳು ಬಿಒಎಎಸ್ ಅನ್ನುತ್ತಾರೆ. ತೀರಾ ಕಷ್ಟಪಡುವ ನಾಯಿಗಳಿಗೆ ಹೊಳ್ಳೆ ಅಗಲ ಮಾಡುವ, ಅಂಗುಳು ಕತ್ತರಿಸುವ ಆಪರೇಷನ್ ಇದೆ. ಆದರೆ ಅರಿವಳಿಕೆ ಕೊಡುವುದೇ ಈ ನಾಯಿಗಳಿಗೆ ಬೇರೆಯವಕ್ಕಿಂತ ಅಪಾಯ. ನಿದ್ದೆಯಲ್ಲಿ ಗೊರಕೆ ಹೊಡೆಯುವ ವಿಡಿಯೋ ನಮಗೆ ಎಷ್ಟು ಮುದ್ದಾಗಿ ಕಂಡರೂ, ಅದು ಗಾಳಿಗೆ ಒದ್ದಾಡುವ ಸದ್ದು. ಪಗ್ ಕ್ರಾಸ್ ಮಾಡಿದರೆ ಇದು ಕಮ್ಮಿ ಆಗುತ್ತೆ ಅಂತ ನಾವೂ ನಂಬಿದ್ದೆವು. ಪಗ್‌ಗೂ ಅದೇ ಮೂತಿ, ಅದೇ ತೊಂದರೆ. ಕಮ್ಮಿ ಎಲ್ಲಿಂದ ಆಗಬೇಕು?

ನೆದರ್ಲೆಂಡ್ಸ್‌ನಲ್ಲಿ 2019ರಿಂದ, ತಲೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಮೂತಿ ಗಿಡ್ಡ ಇದ್ದರೆ ಆ ನಾಯಿಯಿಂದ ಮರಿ ಮಾಡಿಸುವಂತೆಯೇ ಇಲ್ಲ. ಬ್ರಿಟನ್‌ನಲ್ಲಿ 2022ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ಇಂಗ್ಲಿಷ್ ಬುಲ್‌ಡಾಗ್ ಸರಾಸರಿ ಬದುಕುವುದು 7.4 ವರ್ಷ, ಜಾಕ್ ರಸೆಲ್ ಟೆರಿಯರ್ 12.7 ವರ್ಷ. ಮರಿಗಳ ತಲೆ ದಪ್ಪ, ತಾಯಿಯ ಸೊಂಟ ಸಣ್ಣ. ಅದಕ್ಕೇ ಬುಲ್‌ಡಾಗ್‌ಗಳಿಗೆ ಬಹುಪಾಲು ಹೆರಿಗೆ ಸಿಸೇರಿಯನ್ನೇ. ಆ ಖರ್ಚೂ ಮರಿಯ ರೇಟಿನಲ್ಲೇ ಸೇರಿರುತ್ತೆ. ತಾಯಿ ನಾಯಿಯನ್ನು ನಾವು ಒಮ್ಮೆಯೂ ಹೋಗಿ ನೋಡಲಿಲ್ಲ ಅನ್ನೋದು ಈಗ ನಮ್ಮನ್ನು ಕೊರೆಯುತ್ತದೆ.

ನಡುವೆ ಒಂದು ಮಾತು. 2024ರಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿರ್ಬಂಧದ ಸುತ್ತೋಲೆ ಕಳಿಸಿದಾಗ ಪಟ್ಟಿಯಲ್ಲಿ ಅಮೆರಿಕನ್ ಬುಲ್‌ಡಾಗ್ ಇತ್ತು. ಅದನ್ನು ನೋಡಿ ತುಂಬ ಜನ ಗಾಬರಿಯಾಗಿ ಫೋನ್ ಮಾಡಿದ್ದಿರಿ. ಅದು ಬೇರೆ ನಾಯಿ, ಸುತ್ತೋಲೆಯನ್ನೂ ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ರದ್ದು ಮಾಡಿತು. ನಾವು ಮರಿ ನಿಲ್ಲಿಸಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮನೆಯಲ್ಲಿ ಈಗಾಗಲೇ ಈ ನಾಯಿ ಇರುವವರು ದಯವಿಟ್ಟು ಬೇಜಾರಾಗಬೇಡಿ. ಅವು ಬಂಗಾರದಂಥವು. ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತವೆ, ಸುಮ್ನೆ ಬೊಗಳುವುದೂ ಕಮ್ಮಿ. ನಾವು ಕೇಳಿಕೊಳ್ಳುವುದು ತೂಕ ನೋಡಿಕೊಳ್ಳಿ ಅಂತ. ಪಕ್ಕೆ ಮೇಲೆ ಕೈ ಆಡಿಸಿದರೆ ಒತ್ತದೆಯೇ ಎಲುಬು ಸಿಗಬೇಕು, ಸಿಗದಿದ್ದರೆ ಜಾಸ್ತಿಯಾಗಿದೆ ಅಂತಲೇ. ಈ ನಾಯಿಗೆ ಎರಡು ಕೆಜಿ ಹೆಚ್ಚಾದರೂ ಉಸಿರಿಗೆ ಹೊಡೆತ. ಆಹಾರವನ್ನು ಕಣ್ಣಳತೆಯಲ್ಲಿ ಹಾಕಬೇಡಿ, ಅಳತೆ ಕಪ್ ಫ್ರೀಯಾಗಿ ಕೊಡುತ್ತೇವೆ. ಅಪ್ಪ ಒಂದು, ಅಮ್ಮ ಒಂದು, ಮಕ್ಕಳು ಎರಡು ಅಂತ ಕಾಫಿ ಹೊತ್ತಿಗೆ ಕೊಡುವ ಮಾರಿ ಬಿಸ್ಕತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾಕಿಂಗ್ ಬೆಳಿಗ್ಗೆ ಆರಕ್ಕೆ, ಇಲ್ಲಾಂದ್ರೆ ಕತ್ತಲಾದ ಮೇಲೆ. ಕುಂದವಾಡ ಕೆರೆ ಏರಿ ಮೇಲೆ ಒಂಬತ್ತು ಗಂಟೆ ಬಿಸಿಲಲ್ಲಿ ಇವುಗಳನ್ನು ಎಳೆದುಕೊಂಡು ಹೋಗುವವರನ್ನು ನೋಡಿದರೆ ನಮಗೆ ಕಾಲು ನಿಲ್ಲುವುದಿಲ್ಲ. ಕತ್ತಿನ ಪಟ್ಟಿ ಬೇಡ, ಎದೆಗೆ ಕಟ್ಟುವ ಹಾರ್ನೆಸ್ ಸಾಕು. ಹಳೇ ಪಟ್ಟಿ ತಂದುಕೊಟ್ಟರೆ ಈ ತಿಂಗಳು ಹಾರ್ನೆಸ್ ಅರ್ಧ ರೇಟಿಗೆ. ಮುಖದ ಮಡಿಕೆ, ಬಾಲದ ಬುಡದ ಗುಳಿ, ಇವನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಎರಡನೆಯದನ್ನು ಮರೆತರೆ ಮೊದಲನೆಯದರಿಂದ ಕೆಡುಕೇ, ತೇವ ನಿಂತು ವಾಸನೆ, ಹುಣ್ಣು. ನೀರಿನ ತೊಟ್ಟಿ, ಕೆರೆ ಹತ್ತಿರ ಹುಷಾರು, ಇವು ಕಲ್ಲಿನ ಹಾಗೆ ಮುಳುಗುತ್ತವೆ.

ಬೋರ್ಡಿಂಗ್ ಬಗ್ಗೆ: ಎಸಿ ಇರುವ ಎರಡು ರೂಮನ್ನು ಚಪ್ಪಟೆ ಮೂತಿಯವಕ್ಕೇ ಮೀಸಲಿಟ್ಟಿದ್ದೇವೆ. ಬೇಸಿಗೆಯಲ್ಲಿ ದಿನಕ್ಕೆ 500ರ ಬದಲು 650 ರೂಪಾಯಿ, ಕರೆಂಟ್ ಬಿಲ್ಲು ನಮಗೂ ಬರುತ್ತೆ. ಬಿಡುವ ಮೊದಲು ಡಾಕ್ಟರ ಒಂದು ಚೀಟಿ ಬೇಕು. ಬಿಸಿಗಾಳಿ ಡ್ರೈಯರ್ ತೆಗೆದೇಬಿಟ್ಟಿದ್ದೇವೆ, ಟವೆಲ್ ಮತ್ತು ಫ್ಯಾನ್ ಅಷ್ಟೇ, ಅದಕ್ಕೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತೆ.

ಮರಿ ಬೇಕೇ ಬೇಕು ಅನ್ನುವವರು ಬಂದು ಮಾತಾಡಿ. ಮುಧೋಳ ಕೊಡಿಸಿ ಅನ್ನುತ್ತೀರಿ, ಅದಕ್ಕೆ ಓಡಲು ಬಯಲು ಬೇಕು, ಎರಡು ರೂಮಿನ ಮನೆಗೆ ಹೇಳಿದ್ದಲ್ಲ. ಊರ ನಾಯಿ ಮರಿ ಸಾಕುತ್ತೀರಾದರೆ ಮೊದಲ ಇಂಜೆಕ್ಷನ್ ಖರ್ಚು ನಮ್ಮದು.

ಅಡ್ವಾನ್ಸ್ ಕೊಟ್ಟ ನಾಲ್ವರು ರಸೀದಿ ತಂದರೆ ಸಾಕು, ಕಳೆದುಹೋಗಿದ್ದರೂ ಪರವಾಗಿಲ್ಲ, ನಮ್ಮ ಬುಕ್ಕಿನಲ್ಲಿ ಬರೆದಿದೆ. ಉಳಿದವರು ಯಾವ ಭಾನುವಾರ ಬೇಕಾದರೂ ಎಂಟರಿಂದ ಒಂಬತ್ತರ ಒಳಗೆ ನಾಯಿಯನ್ನು ತೂಕಕ್ಕೆ ಕರೆತನ್ನಿ, ದುಡ್ಡಿಲ್ಲ. ಗುಂಡ ಪ್ರತಿ ವಾರ ಬರುತ್ತಾನೆ. 15 ಕೆಜಿ ಇದ್ದವನು ಈಗ 13ಕ್ಕೆ ಇಳಿದಿದ್ದಾನೆ, ತಕ್ಕಡಿ ಹತ್ತಲು ಮಾತ್ರ ಇನ್ನೂ ಹಟ ಮಾಡುತ್ತಾನೆ.

ಇಂತಿ,
ನಿಮ್ಮ ಅಂಗಡಿಯವರು