ಈ ಸಲದ ತೆನೆ ಹಬ್ಬಕ್ಕೆ ನಮ್ಮನೆಯವರು ಎದ್ದು ಬಂದರು

ಸೆಪ್ಟೆಂಬರ್ 8ರ ತೆನೆ ಹಬ್ಬ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ನಾವು ಹೊಸ ತೆನೆ ಮನೆಗೆ ತರುವ ಹಬ್ಬ, ಮುಗಿದು ಎರಡು ದಿನವಾಯಿತು. ಚರ್ಚಿನಿಂದ ತಂದ ತೆನೆ ಇನ್ನೂ ದೇವರ ಪಟದ ಪಕ್ಕದಲ್ಲೇ ಇದೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕಿತ್ತು, ಆಗಲಿಲ್ಲ. ನಮ್ಮೂರಿನ ಮಳೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಜುಲೈಯಲ್ಲಿ ನಮ್ಮನೆಯವರು ಅಡಿಕೆ ಮರದಿಂದ ಬಿದ್ದದ್ದು ತೀರ್ಥಹಳ್ಳಿ ಕಡೆಯ ನೆಂಟರು, ಸ್ನೇಹಿತರಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಅಡಿಕೆಯ ಎಳೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಎರಡನೇ ಔಷಧಿ ಹೊಡೆಯುವ ಸಮಯ. ಮಳೆಗಾಲಕ್ಕೆ ಮೊದಲು ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದರೆ ಸಾಲದು, 40–45 ದಿನಕ್ಕೆ ಇನ್ನೊಂದು ಸಲ ಹೊಡೆಯಲೇಬೇಕು. ಆಳು ಸಿಗಲಿಲ್ಲ. ಮಳೆ ಸ್ವಲ್ಪ ಹೊಳವಾಯಿತು ಅಂತ ಇವರೇ ಹತ್ತಿದರು. ಬೆನ್ನುಮೂಳೆಗೆ ಪೆಟ್ಟಾಯಿತು. ಆ ರಾತ್ರಿ ಆಗುಂಬೆ ಘಾಟಿ ಇಳಿದದ್ದನ್ನು ನಾನು ಬರೆಯುವುದಿಲ್ಲ.

ಇವರು ಆಸ್ಪತ್ರೆಯಲ್ಲಿ, ತೋಟದಲ್ಲಿ ಕೊಳೆ. ಎಳೆಕಾಯಿ ಉದುರಿ ಮರದಡಿ ರಾಶಿ ಬಿದ್ದಿತ್ತು.

ಆಂಬುಲೆನ್ಸ್ ಬರುವ ತನಕ ಇವರನ್ನು ಅಲುಗಾಡಲು ಬಿಡದೆ, ಮಳೆಯಲ್ಲೇ ತಲೆ ಹಿಡಿದು ಕೂತದ್ದು ಕೆಳಮನೆಯ ಭಾವ. ನಮ್ಮ ಎರಡು ಹಸುಗಳನ್ನು ತಿಂಗಳುಗಟ್ಟಲೆ ಕರೆದದ್ದು ಪಕ್ಕದ ಮನೆಯ ಅಕ್ಕ. ಡೈರಿಗೆ ಹಾಕಿದ ಹಾಲಿನ ಲೆಕ್ಕವನ್ನು ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದು, ದುಡ್ಡಿನ ಜೊತೆ ಕೈಗಿಟ್ಟರು. ನನಗೆ ಆವತ್ತು ಅಳು ಬಂದದ್ದು ದುಡ್ಡಿಗಲ್ಲ, ಆ ನೋಟ್‌ಬುಕ್ಕಿಗೆ. ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದ ಆಟೋ ಸಾಬರು ಒಂದು ದಿನ, "ನಿಮ್ಮ ಪ್ರಾರ್ಥನೆ ನೀವು ಮಾಡಿ ಅಕ್ಕ, ನಮ್ದು ನಾವು ಮಾಡ್ತಿದೀವಿ" ಅಂದರು. ಅದೇ ದಿನ ಬಾಡಿಗೆ ಅರ್ಧಕ್ಕಿಳಿಸಿದರು.

ಸಮಾಧಾನ ಹೇಳಲು ಬಂದವರೂ ಇದ್ದರು. "ದೇವರು ಪರೀಕ್ಷೆ ಮಾಡ್ತಿದಾನೆ" ಅನ್ನುವವರು. ಅವರಿಗೂ ಕಾಫಿ ಕೊಟ್ಟಿದ್ದೇನೆ, ಬಿಡಿ.

ಕನ್ಯಾಸ್ತ್ರೀ ಸಿಸ್ಟರ್ ಮಾತ್ರ ಅಂಥದ್ದೇನೂ ಹೇಳಲಿಲ್ಲ. ಪ್ರತಿ ಗುರುವಾರ ಸಂಜೆ ನಮ್ಮ ಕಿರು ಸಮುದಾಯದ (ಅಕ್ಕಪಕ್ಕದ ಕ್ರೈಸ್ತ ಮನೆಗಳ ಪ್ರಾರ್ಥನಾ ಗುಂಪು) ಮೂರು ನಾಲ್ಕು ಮಂದಿಯನ್ನು ಕರೆದುಕೊಂಡು ಬಂದು, ಇವರ ಮಂಚದ ಸುತ್ತ ಕೂರುತ್ತಿದ್ದರು. ಓದಲು ತೆಗೆದದ್ದು ಬೈಬಲ್ಲಿನ ಹಳೆ ಒಡಂಬಡಿಕೆಯ ಪ್ರವಾದಿ ಹಬಕ್ಕೂಕನ ಗ್ರಂಥ. ಮೂರೇ ಅಧ್ಯಾಯ, 56 ವಾಕ್ಯ. ಒಂದು ಸಂಜೆಗೆ ಎರಡೋ ಮೂರೋ ವಾಕ್ಯ ಅಷ್ಟೆ. ಎರಡು ಸಲ ಗಟ್ಟಿಯಾಗಿ ಓದುವುದು, ಸುಮ್ನೆ ಕೂರುವುದು, ಮನಸ್ಸಿಗೆ ತಾಗಿದ ಮಾತು ಹೇಳುವುದು, ಆಮೇಲೆ ಪ್ರಾರ್ಥನೆ.

ಶುರುವಿನಲ್ಲೇ ಪ್ರವಾದಿಯ ಜಗಳ. ಎಷ್ಟು ಕಾಲ ಕೂಗಲಿ, ನೀನು ಕೇಳಿಸಿಕೊಳ್ಳುವುದೇ ಇಲ್ಲವಲ್ಲ ಅಂತ ದೇವರನ್ನೇ ಕೇಳುತ್ತಾನೆ. "ಇದು ಶ್ರೀಗ್ರಂಥದಲ್ಲೇ ಇದೆಯಾ ಸಿಸ್ಟರ್?" ಅಂದೆ. "ಇದೆ. ನೀವೂ ಕೇಳಿ" ಅಂದರು. ಜಪಸರ ಹಿಡಿದರೂ ಬಾಯಿ ಬಾರದೆ ತಿಂಗಳಾಗಿತ್ತು ನನಗೆ. ಆ ರಾತ್ರಿ ಕೊಟ್ಟಿಗೆಯಲ್ಲಿ ನಿಂತು ಚೆನ್ನಾಗಿ ಜಗಳವಾಡಿದೆ. ಅದೇ ನನ್ನ ಪ್ರಾರ್ಥನೆ.

ದೇವರ ಉತ್ತರವೂ ಸಿಹಿಯಾಗಿಲ್ಲ. ಬಾಬಿಲೋನಿನವರು ಬರುತ್ತಿದ್ದಾರೆ, ಇನ್ನೂ ಕಷ್ಟವಿದೆ ಅನ್ನುತ್ತಾನೆ. ಇವರು ಮಲಗಿದಲ್ಲೇ ನಕ್ಕುಬಿಟ್ಟರು. ಬಿದ್ದ ಮೇಲೆ ಮೊದಲ ಸಲ ನಕ್ಕದ್ದು.

ಎರಡನೇ ಅಧ್ಯಾಯದ ನಾಲ್ಕನೇ ವಾಕ್ಯಕ್ಕೆ ಎರಡು ಗುರುವಾರ ಹಿಡಿಯಿತು. ನೀತಿವಂತ ವಿಶ್ವಾಸದಿಂದ ಬಾಳುತ್ತಾನೆ ಅನ್ನುವ ಮಾತು. ಸಂತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲೂ ಗಲಾತ್ಯದವರಿಗೆ ಬರೆದ ಪತ್ರದಲ್ಲೂ ಎತ್ತಿಕೊಂಡ ಮಾತು ಇದೇ. ಇದನ್ನು ಕೇಳಿದರೆ ನನಗೆ ಹೆದರಿಕೆಯಾಗುತ್ತಿತ್ತು. ನನ್ನಲ್ಲಿ ಅಷ್ಟು ವಿಶ್ವಾಸ ಎಲ್ಲಿದೆ? ಆಗ ಸಿಸ್ಟರ್ ಹೇಳಿದರು, ಇಲ್ಲಿ ವಿಶ್ವಾಸ ಅನ್ನುವುದಕ್ಕಿರುವ ಹೀಬ್ರೂ ಪದ 'ಎಮುನಾ'. ಬೈಬಲ್ಲಿನದೇ ವಿಮೋಚನಾಕಾಂಡದ 17ನೇ ಅಧ್ಯಾಯದಲ್ಲೂ ಅದೇ ಪದ ಬರುತ್ತದೆ. ಅಮಾಲೇಕ್ಯರ ಜೊತೆ ಯುದ್ಧ, ಇಸ್ರಾಯೇಲರು ಗೆಲ್ಲಬೇಕಾದರೆ ಅವರ ನಾಯಕ ಮೋಶೆ ಕೈ ಎತ್ತಿಕೊಂಡೇ ಇರಬೇಕು. ಕೈ ಸೋತಿತು. ಒಂದು ಕಲ್ಲು ತಂದು ಕೂರಿಸಿ, ಆ ಕಡೆ ಆರೋನ, ಈ ಕಡೆ ಹೂರ ಕೈ ಹಿಡಿದು ನಿಂತರು. ಹೊತ್ತು ಮುಳುಗುವ ತನಕ ಆ ಕೈಗಳು 'ಎಮುನಾ', ಅಂದರೆ ಇಳಿಯದೆ ನಿಂತವು. ಅಷ್ಟು ಹೇಳಿ ಸಿಸ್ಟರ್ ಪುಸ್ತಕ ಮುಚ್ಚಿದರು. ನನಗೆ ಹಾಲಿನ ಲೆಕ್ಕದ ನೋಟ್‌ಬುಕ್ಕು ನೆನಪಾಯಿತು.

ಕೊನೆಗೆ ಬರುವ ಪಟ್ಟಿಯನ್ನು ಎಲ್ಲರೂ ಕೇಳಿರುತ್ತೀರಿ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಓಲಿವ್ ಕೈಕೊಟ್ಟರೂ, ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ಕುರಿ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ದೇವರಲ್ಲಿ ಹಿಗ್ಗುತ್ತೇನೆ ಅನ್ನುತ್ತಾನೆ. ನಮ್ಮಲ್ಲಿ ಅಡಿಕೆ, ಮೆಣಸು ಅಂತ ಸೇರಿಸಿ ಓದಿದೆವು. ದನ ಇದಾವಲ್ಲ ಅಂತ ಇವರು ತಿದ್ದಿದರು! ಹಿಗ್ಗು ನನಗಿನ್ನೂ ಪೂರ್ತಿ ಬಂದಿಲ್ಲ, ಸುಳ್ಳು ಹೇಳಬಾರದು. ಈಸ್ಟರ್ ಹೊತ್ತಿಗೆ ಇವರು ವಾಕರ್ ಹಿಡಿದು ನಿಂತರು. ಬೆನ್ನಿನ ಹೊಲಿಗೆಯ ಗುರುತಿಗೆ ಎಣ್ಣೆ ಹಚ್ಚುವಾಗ, "ಎದ್ದು ಬಂದ ಯೇಸುಸ್ವಾಮಿಯ ಕೈಯಲ್ಲೂ ಮೊಳೆಯ ಗಾಯ ಹಾಗೇ ಇತ್ತಲ್ವಾ, ನಂಬದ ಶಿಷ್ಯ ತೋಮನಿಗೆ ತೋರಿಸಲಿಲ್ವಾ" ಅಂದರು. ಆಮೇಲೆ ಆ ಗುರುತು ನೋಡಿ ನಾನು ಅತ್ತಿಲ್ಲ.

ಮೊನ್ನೆ ಹಬ್ಬಕ್ಕೆ ಕೋಲೂರಿಕೊಂಡು ಚರ್ಚಿಗೆ ಬಂದರು. ಮನೆಯಲ್ಲಿ ಹೊಸ ಭತ್ತದ ಕಾಳು ಸುಲಿದು ಹಾಲಿಗೆ ಹಾಕಿದ್ದೂ ಅವರೇ. ಕೈ ನಡುಗಿ ನಾಲ್ಕು ಕಾಳು ನೆಲಕ್ಕೆ ಬಿದ್ದವು, ಕೋಳಿ ಹೆಕ್ಕಿಕೊಂಡು ಹೋಯಿತು.

ಈ ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಎಲ್ಲರೂ ಮನೆಗೆ ಬನ್ನಿ. ಭಾವ, ಅಕ್ಕ, ಸಾಬರೇ, ನೀವಂತೂ ಬರಲೇಬೇಕು. ಕಾಫಿಗೆ ನಮ್ಮದೇ ಹಸುವಿನ ಹಾಲು. ಈಗ ಕರೆಯುತ್ತಿರುವುದು ನಾನೇ.