ಥೀಸಿಸ್‌ನ ಎರಡು ಪುಟದಲ್ಲಿ ಹಿಡಿಸದವರಿಗೆ

ಪಿಎಚ್.ಡಿ. ಪ್ರಬಂಧದ ಮೊದಲಿಗೆ ಕೃತಜ್ಞತೆಗೆಂದು ಎರಡು ಪುಟ ಇರುತ್ತವೆ. ಅಲ್ಲಿ ಯಾರ ಹೆಸರು ಯಾರ ನಂತರ ಬರಬೇಕು ಎಂಬುದಕ್ಕೆ ಯಾರೂ ಬರೆದಿಡದ ಕಾಯ್ದೆಯೊಂದಿದೆ. ಮೊದಲು ಕುಲಪತಿಗಳು, ಆಮೇಲೆ ಕುಲಸಚಿವರು, ವಿಭಾಗದ ಅಧ್ಯಕ್ಷರು, ಗೈಡ್, ಗ್ರಂಥಪಾಲಕರು. ಕೊನೆಯ ಸಾಲಿನಲ್ಲಿ 'ನನ್ನ ಕುಟುಂಬ ವರ್ಗದವರಿಗೆ'. ಡಿಟಿಪಿ ಅಂಗಡಿಯ ಹುಡುಗನ ಕಂಪ್ಯೂಟರಿನಲ್ಲಿ ಇದರ ಮಾದರಿಯೊಂದು ತಯಾರೇ ಇತ್ತು. ಹೆಸರು ಬದಲಿಸಿದರೆ ಆಯಿತು. ಮರುದಿನ ಬೈಂಡಿಂಗ್‌ಗೆ ಕೊಡಬೇಕಿತ್ತು, ನಾನೂ ಹೆಸರು ಬದಲಿಸಿ ಬಂದೆ.

ಈಗ ಘಟಿಕೋತ್ಸವವೂ ಮುಗಿದಿದೆ. ಗೌನು ಹಾಕಿಕೊಂಡ ಫೋಟೋ ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿ, ಅಭಿನಂದನೆಯ ಹೂಗುಚ್ಛಗಳೆಲ್ಲ ಬಂದು ನಿಂತಿವೆ. 'ಡಾಕ್ಟ್ರು ಅಂದ್ರ ಸೂಜಿ ಮಾಡ್ತೀರೇನ್ರಿ' ಎಂಬ ಚಟಾಕಿ ನಮ್ಮ ಓಣಿಯಲ್ಲೂ ಆಯಿತು, ಅದನ್ನು ಬಿಡಿಸಿ ಬರೆಯುವುದಿಲ್ಲ, ಎಲ್ಲ ಪಿಎಚ್.ಡಿ.ಯವರ ಮನೆಯಲ್ಲೂ ಆಗಿರುತ್ತದೆ. ನನಗೆ ಬೇರೆಯದೇ ಒಂದು ಬಾಕಿ ಇದೆ. ಆ ಎರಡು ಪುಟದಲ್ಲಿ ಹಿಡಿಸದೆ ಹೋದವರದ್ದು.

ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ಡಿ.ಎಡ್. ಮುಗಿಸಿ ನೌಕರಿ ಸೇರಿ, ಉಳಿದ ಡಿಗ್ರಿಗಳನ್ನೆಲ್ಲ ಸಂಸಾರದ ಸಂದಿಯಲ್ಲಿ ಒಂದೊಂದಾಗಿ ಮುಗಿಸಿದವಳು. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ಕಣ್ಣಾರೆ ನೋಡಿ ಬಂದ ಅಲ್ಲಿಯ ಶಿಕ್ಷಕರು ಅದನ್ನು ನಮ್ಮ ಮಕ್ಕಳಿಗೆ ಹೊಂದಿಸಿಕೊಂಡರು. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಮೆಟ್ಟಿಲು ಮೆಟ್ಟಿಲಾಗಿ ಪಾಠ ಜೋಡಿಸಿದ ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. ಅಕ್ಷರ 'ಅ ಆ ಇ ಈ'ಯಿಂದ ಶುರುವಾಗುವುದಿಲ್ಲ, 'ರ ಗ ಸ ದ ಅ'ದಿಂದ. ಐದು ಅಕ್ಷರ ಬಂದವೆಂದರೆ ಸರ, ಗರಗಸ, ಅರಸ, ಅಗಸ ಎಲ್ಲ ಬಂದಂತೆ. (ನಮ್ಮ ಊರ ಹಿರಿಯರು ಇವತ್ತಿಗೂ ಇದನ್ನು ಒಪ್ಪಿಲ್ಲ. 'ಅಕ್ಕೋರ, ಅ ಆ ಬಿಟ್ಟು ಇದೇನ್ ಉಲ್ಟಾ ಸಾಲಿ' ಎನ್ನುತ್ತಾರೆ.) ಈ ಗುಂಪುಗಳಲ್ಲಿ ಒಂದು ಮಗು ಇನ್ನೊಂದಕ್ಕೆ ಕಲಿಸುವ ಗುಂಪೂ ಇರುತ್ತದೆ. ಆಗ ಅವರಿಬ್ಬರ ನಡುವೆ ಏನು ನಡೆಯುತ್ತದೆ ಎಂಬುದೇ ನನ್ನ ಸಂಶೋಧನೆ.

2017ರಲ್ಲಿ ನೋಂದಣಿ. 2019ರ ಜೂನ್‌ನಿಂದ ನಮ್ಮ ಶಾಲೆ ಮತ್ತು ಸುತ್ತಲಿನ ಮೂರು ಶಾಲೆಗಳಲ್ಲಿ ಧ್ವನಿಮುದ್ರಣ. ಅದಕ್ಕೂ ಮೊದಲು ಎನ್‌ಒಸಿ (ಇಲಾಖೆಯ ಅಭ್ಯಂತರವಿಲ್ಲ ಎಂಬ ಪತ್ರ) ಎಂಬ ಒಂದು ಹಾಳೆಗಾಗಿ ಒಂದು ಕಚೇರಿಗೆ ಅಲೆದ ಕಥೆ ಇದೆ. ಆ ಕಚೇರಿಯ ಹೆಸರು ಬೇಡ. ಆದರೆ ಅಲ್ಲಿಯ ಜವಾನರೊಬ್ಬರು, 'ಮೇಡಂ, ನಿಮ್ಮ ಫೈಲು ಆ ಕಪಾಟಿನ ಕೆಳಗಿನ ಖಾನೆಯಾಗ ಐತ್ರಿ, ಸಾಹೇಬ್ರಿಗೆ ಅದು ಕಾಣಂಗಿಲ್ಲ, ಮಂಗಳವಾರ ಬರ್ರಿ, ಮ್ಯಾಲೆ ಇಟ್ಟಿರ್ತೀನಿ' ಎಂದು ಪಿಸುಗುಟ್ಟಿದರಲ್ಲ, ನನ್ನ ಪಿಎಚ್.ಡಿ. ಅಲ್ಲಿಂದ ಶುರು. ಅವರಿಗೆ ಮೊದಲ ನಮಸ್ಕಾರ.

ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕಿಗೆ ಎರಡನೆಯದು. ನಾನು ಸಂಬಳವಿಲ್ಲದ ರಜೆ ಹಾಕಿದ ಐದು ತಿಂಗಳು ಮತ್ತು ಧಾರವಾಡದ ಲೈಬ್ರರಿಗೆ ಓಡಿದ ಎಷ್ಟೋ ದಿನ ಆಕೆ ನನ್ನ ಮೂರು ತರಗತಿ, ತನ್ನ ಎರಡು ತರಗತಿ, ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ ಎಲ್ಲ ಒಬ್ಬಳೇ ನೋಡಿಕೊಂಡಳು. ಒಮ್ಮೆಯೂ ಬಾಯಿಬಿಟ್ಟು ಅಂದವಳಲ್ಲ. ಒಂದೇ ಸಲ, ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ತುಂಬುವ ಕೊನೆಯ ದಿನ ಸಂಜೆ ಫೋನ್ ಮಾಡಿ ಸುಮ್ಮನೆ ಅತ್ತಳು. ನಾನು ಹುಬ್ಬಳ್ಳಿಯಿಂದ ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಂತಿದ್ದೆ. ಏನು ಹೇಳಬೇಕೋ ತಿಳಿಯದೆ ನಾನೂ ಅತ್ತೆ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಅವರಿಗೂ ಇಲ್ಲೇ ಥ್ಯಾಂಕ್ಸ್ ಹೇಳಿಬಿಡುತ್ತೇನೆ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ವಿದ್ಯಾಗಮ ಎಂದು ಆಗಸ್ಟ್‌ನಲ್ಲಿ ಗುಡಿಯ ಕಟ್ಟೆ, ಗಿಡದ ನೆರಳಲ್ಲಿ ಮಕ್ಕಳನ್ನು ಕೂಡಿಸಿದೆವು, ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯವರು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಆವತ್ತು ನನ್ನ ಎದುರಿಗೆ ಬಂದು ಕೂತ ಮೂರನೇ ತರಗತಿಯ ಮಕ್ಕಳು ಕೊನೆಯ ಬಾರಿ ಶಾಲೆಗೆ ಬಂದಾಗ ಒಂದನೇ ತರಗತಿಯಲ್ಲಿದ್ದರು. ದೊಡ್ಡ ಮಗು ಚಿಕ್ಕ ಮಗುವಿಗೆ ಕಲಿಸುತ್ತದೆ ಎಂದು ನಾನು ಸಿನಾಪ್ಸಿಸ್‌ನಲ್ಲಿ, ಅಂದರೆ ಸಂಶೋಧನೆಯ ರೂಪರೇಷೆಯಲ್ಲಿ ಬರೆದಿದ್ದೆ. ಇಲ್ಲಿ ನೋಡಿದರೆ ಕಲಿಸಬೇಕಾದ ಮಗುವಿಗೇ 'ಗ' ಯಾವುದು 'ಸ' ಯಾವುದು ಮರೆತಿತ್ತು. ಎರಡು ವರ್ಷದ ಕೆಲಸ ನೀರಿಗೆ ಹೋಯಿತೆಂದು ಗೈಡ್ ಮುಂದೆ ಹೋಗಿ ಕೂತೆ. ಅವರು ಚಹಾ ತರಿಸಿ, 'ಮಳಿ ತಪ್ಪಿತು ಅಂತ ನಿಮ್ಮ ಕಡೆ ರೈತರು ಹೊಲಾ ಬಿಟ್ಟು ಹೋಗ್ತಾರೇನು? ಬೆಳಿ ಬದಲಿ ಮಾಡ್ತಾರಿಲ್ಲೋ?' ಅಂದರು. ಗೈಡ್‌ಗೆ ಆ ಎರಡು ಪುಟದಲ್ಲಿ ಒಂದು ಇಡೀ ಪ್ಯಾರಾ ಬರೆದಿದ್ದೇನೆ, 'ಅಮೂಲ್ಯ ಮಾರ್ಗದರ್ಶನ' ಅಂತ. ಈ ಮಾತು ಅದರಲ್ಲಿಲ್ಲ.

ಬೆಳೆ ಬದಲಿ ಮಾಡಿದೆ. ಬಾರದವರು ಬಾರದವರಿಗೆ ಹೇಗೆ ಕಲಿಸುತ್ತಾರೆ ಎಂದು ಧ್ವನಿ ಮುದ್ರಿಸಿಕೊಳ್ಳತೊಡಗಿದೆ. ಇಲ್ಲಿಂದಲೇ ನಾನು ಬರೆಯಲೇಬೇಕಾದದ್ದು.

ನಮ್ಮವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡಿದವಳು. ಸೀಜನ್ನಿನಲ್ಲಿ ಈಗಲೂ ಹೋಗುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ. ಶಾಲೆಯ ಮುಖ ನೋಡಿದವಳಲ್ಲ. 2022ರ ಫೆಬ್ರವರಿಯಲ್ಲಿ ಒಂದು ಭಾನುವಾರ ತವರಿನಲ್ಲಿ ಕೂತು ಧ್ವನಿಮುದ್ರಣ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೆ. ಇಯರ್‌ಫೋನ್ ಕೆಟ್ಟಿತ್ತು, ಹಾಗಾಗಿ ಮನೆಗೆಲ್ಲ ಕೇಳುತ್ತಿತ್ತು. ತಾಂಡಾದ ಒಬ್ಬ ಹುಡುಗಿ, ಮೂರನೇ ತರಗತಿ. ಅವಳ ಎದುರು ಒಂದನೇ ತರಗತಿಯ ಹುಡುಗ, ಅವನೂ ತಾಂಡಾದವನೇ, ಮನೆಮಾತು ಲಂಬಾಣಿ. ಕಾರ್ಡಿನಲ್ಲಿ 'ಅಗಸ' ಎಂದಿದೆ. ಹುಡುಗ 'ಅ... ಗ...' ಎಂದು ನಿಂತ. ಆಮೇಲೆ ಬರೀ ಹೊರಗಿನ ಟ್ರ್ಯಾಕ್ಟರ್ ಸದ್ದು. ನಾನು ಮುಂದಕ್ಕೆ ಓಡಿಸಲು ಹೋದೆ. ಬಾಗಿಲಲ್ಲಿ ಕೂತಿದ್ದ ಅವ್ವ, 'ಆ ಹುಡುಗಿ ಎಲ್ಲಿ ಹೋತು?' ಅಂದಳು.

'ಎಲ್ಲೂ ಹೋಗಿಲ್ಲಬೇ, ಸುಮ್ಮನ ಕುಂತಾಳ.'

'ಸುಮ್ಮನ ಕುಂತಿಲ್ಲ, ಕಾಯಾಕತ್ತಾಳ. ಹೊಸಾ ಆಳು ಬಂದ್ರ ನಾವೂ ಹಿಂಗ ಕುಂದರತೀವಿ. ನಡುವ ಕೈ ಹಾಕಿದ್ರ ಆಕಿಗೆ ತೊಟ್ಟು ಬಿಡಸಾಕ ಯಾವಾಗ ಬರಬೇಕು?'

ಹನ್ನೊಂದು ಸೆಕೆಂಡ್. ಹನ್ನೊಂದು ಸೆಕೆಂಡಿನ ನಂತರ ಆ ಹುಡುಗ ತಾನೇ 'ಅಗಸ' ಅಂದ.

ಅವತ್ತಿನವರೆಗೆ ನಾನು ಮಕ್ಕಳು ಆಡಿದ ಮಾತನ್ನಷ್ಟೇ ಬರೆದುಕೊಂಡಿದ್ದೆ. ಅವ್ವನ ಆ ಮಾತಿನ ಮೇಲೆ ಎಲ್ಲ ರೆಕಾರ್ಡಿಂಗ್‌ಗಳನ್ನೂ ಮೊದಲಿನಿಂದ ಕೇಳಿದೆ. ಈ ಸಲ ಮಾತಿಲ್ಲದ ಜಾಗಗಳನ್ನು ಅಳೆಯಲು. ಮಕ್ಕಳು ಮಕ್ಕಳಿಗಾಗಿ ಕಾದರು. ನಾವು ಶಿಕ್ಷಕರು ಕಾಯಲಿಲ್ಲ. ಎಲ್ಲರಿಗಿಂತ ಅವಸರದ ಧ್ವನಿ ಯಾರದೆಂದರೆ ನನ್ನದೇ. ಮಗು ಬಾಯಿ ತೆರೆಯುವಷ್ಟರಲ್ಲಿ ಉತ್ತರ ನಾನೇ ಹೇಳಿ 'ಶಬ್ಬಾಷ್' ಅಂದಿರುತ್ತಿದ್ದೆ. ನನ್ನ ಧ್ವನಿ ಕೇಳಿ ನನಗೇ ನಾಚಿಕೆಯಾಗಿ ಎಷ್ಟೋ ಸಲ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೇನೆ. ಇದನ್ನೇ ಹಿಡಿದು ಲೈಬ್ರರಿಯಲ್ಲಿ ಹುಡುಕಿದಾಗ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಸಿಕ್ಕರು. 1970ರ ದಶಕದಲ್ಲೇ ಅವರು ತರಗತಿಗಳ ಟೇಪ್ ರೆಕಾರ್ಡಿಂಗ್ ಹಿಡಿದು ಅಳೆದಿದ್ದರು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ. ನನ್ನ ನಾಲ್ಕನೇ ಅಧ್ಯಾಯ ನಿಂತದ್ದು ಇದರ ಮೇಲೆ.

ವೈವಾ, ಅಂದರೆ ಮೌಖಿಕ ಪರೀಕ್ಷೆಯ ದಿನ ಅವ್ವ ಬಂದಿದ್ದಳು. ಮುಕ್ತ ವೈವಾ, ಯಾರು ಬೇಕಾದರೂ ಕೂರಬಹುದು. ಇಳಕಲ್ ಸೀರೆ ಉಟ್ಟು ಕೊನೆಯ ಸಾಲಿನಲ್ಲಿ ಅಳಿಯನ ಪಕ್ಕ ಕೂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು: 'ಮಾತನ್ನು ಬಿಟ್ಟು ಮೌನ ಅಳೆಯಬೇಕು ಅನ್ನೋದು ನಿಮಗೆ ಹೊಳೆದದ್ದು ಹೇಗೆ?'

ನಾನು 'ಮೇರಿ ಬಡ್ ರೋ ಅವರ ಅಧ್ಯಯನದಿಂದ, ಸರ್' ಅಂದೆ.

ಪರೀಕ್ಷಕರು ತಲೆಯಾಡಿಸಿದರು. ಅವ್ವನೂ ತಲೆಯಾಡಿಸಿದಳು, ಮಗಳು ಠಣಠಣ ಉತ್ತರ ಕೊಟ್ಟಳೆಂದು. ಅವಳಿಗೆ ಇವತ್ತಿಗೂ ಇದು ಗೊತ್ತಿಲ್ಲ, ಗೊತ್ತಾದರೂ 'ಅದರಾಗೇನೈತಿ ಬಿಡು' ಅನ್ನುತ್ತಾಳೆ. ಆದರೆ ನನಗೆ ಬಿಡಲಾಗುತ್ತಿಲ್ಲ. ಆ ಸಭೆಯಲ್ಲಿ ಸರಿಯಾಗಿ ಹೇಳದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ: ನಮ್ಮವ್ವನಿಂದ, ಸರ್. ರೋ ಅವರು ಸಿಕ್ಕಿದ್ದು ಆಮೇಲೆ.

ಆ ಹುಡುಗಿಯ ಹೆಸರನ್ನು ಮಾತ್ರ ಇಲ್ಲೂ ಬರೆಯುವಂತಿಲ್ಲ. ಸಂಶೋಧನೆಯ ನಿಯಮ. ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟ ಅವಳ ಅಜ್ಜಿಗೆ ನಾನೇ ಮಾತು ಕೊಟ್ಟಿದ್ದೇನೆ. ಪ್ರಬಂಧದಲ್ಲಿ ಅವಳು 'ಮ-14'. ಈಗ ನಮ್ಮದೇ ಶಾಲೆಯಲ್ಲಿ ಏಳನೇ ತರಗತಿ. ದಸರಾ ಮುಗಿಯುತ್ತಲೇ ಅಪ್ಪ, ಯಾಡಿ (ಲಂಬಾಣಿಯಲ್ಲಿ ಅವ್ವ) ಇಬ್ಬರೂ ಗೋವಾ ಕಡೆ ಗುಳೆ ಹೋಗುತ್ತಾರೆ, ಇವಳು ಅಜ್ಜಿಯ ಹತ್ತಿರ. ಘಟಿಕೋತ್ಸವದ ಮರುದಿನ ಪೇಡೆ ಹಂಚಿದಾಗ ಅವಳಿಗೆ ಎರಡು ಕೊಟ್ಟೆ. 'ನನಗ್ಯಾಕ ಎರಡ್ರಿ ಅಕ್ಕೋರ?' ಎಂದಳು. ಒಂದು ಅಜ್ಜಿಗೆ ಅಂತ ಸುಳ್ಳು ಹೇಳಿದೆ.

ಡಿಟಿಪಿ ಹುಡುಗನನ್ನು ಮರೆತರೆ ತಪ್ಪಾಗುತ್ತದೆ. ನಾನು ಪ್ರಬಂಧವನ್ನೆಲ್ಲ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೆ. ಕೃತಿಚೌರ್ಯ ಪರೀಕ್ಷೆಗೆ ಯೂನಿಕೋಡ್‌ನಲ್ಲೇ ಬೇಕೆಂದರು. ಬದಲಾಯಿಸಿದರೆ ಅರ್ಕಾವತ್ತುಗಳು ಅತ್ತಿತ್ತ ಹಾರಿ, ನಡುನಡುವೆ ಇದ್ದ ಇಂಗ್ಲಿಷ್ ಹೆಸರುಗಳೆಲ್ಲ ಕನ್ನಡದ ಕಲಸುಮೇಲೋಗರವಾಗಿ ಕೂತಿದ್ದವು. ಮುನ್ನೂರಕ್ಕೂ ಹೆಚ್ಚು ಪುಟ. ಆ ಹುಡುಗ ಹದಿನೇಳು ರಾತ್ರಿ ನನ್ನ ಜೊತೆ ಕೂತು ಒಂದೊಂದೇ ತಿದ್ದಿದ. ದುಡ್ಡು ತೆಗೆದುಕೊಂಡ, ಇಲ್ಲವೆನ್ನುವುದಿಲ್ಲ. ಆದರೆ ಐದನೇ ಅಧ್ಯಾಯದಲ್ಲಿ ಕೋಷ್ಟಕ ಒಂದು ಎರಡು ಸಲ ಬಂದಿದೆ ಎಂದು ತೋರಿಸಿದವನು ಅವನೇ. ಗೈಡ್‌ಗೂ ನನಗೂ ಕಂಡಿರಲಿಲ್ಲ.

ನಮ್ಮ ಮನೆಯವರ ಬಗ್ಗೆ ಹೆಚ್ಚು ಬರೆದರೆ ಅವರಿಗೆ ಮುಜುಗರ. ಎಂಟು ವರ್ಷ ಸಂಜೆ ರೊಟ್ಟಿ ಅವರೇ ಬಡಿದರು. ಮೊದಲ ವರ್ಷದ ರೊಟ್ಟಿಗಳ ಆಕಾರದ ಬಗ್ಗೆ ನಾನು ಸುಮ್ಮನಿರುತ್ತೇನೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಮುಂದೇನು? ಕಾಲೇಜಿಗೆ ಅರ್ಜಿ ಹಾಕು ಎನ್ನುವವರಿದ್ದಾರೆ, ಇಷ್ಟು ಓದಿ ಇನ್ನೂ ಒಂದನೇ ತರಗತಿಯೇ ಎಂದು ಮರುಗುವವರಿದ್ದಾರೆ. ಸದ್ಯಕ್ಕೆ ನನ್ನ ಮುಂದಿರುವುದು ಶಿಕ್ಷಕರ ಪತ್ತಿನ ಸಂಘದ ಸಾಲದ ಹನ್ನೊಂದು ಕಂತು. ಘಟಿಕೋತ್ಸವ ಮುಗಿದ ಸೋಮವಾರ ಶಾಲೆಗೆ ಹೋದಾಗ ಒಂದು ಮಗು ಚಡ್ಡಿಯಲ್ಲಿ ಉಚ್ಚೆ ಮಾಡಿಕೊಂಡು ಬಾಗಿಲಲ್ಲೇ ನಿಂತಿತ್ತು. ಅದನ್ನು ತೊಳೆದು, ಮೊಟ್ಟೆ ಎಣಿಸಿ, ಹರಿದ ಕಾರ್ಡುಗಳಿಗೆ ಟೇಪ್ ಅಂಟಿಸುವಷ್ಟರಲ್ಲಿ ಮಧ್ಯಾಹ್ನ. ಸತ್ಯ ಹೇಳಬೇಕೆಂದರೆ ಹಗಲು ಕಷ್ಟವಾಗಲಿಲ್ಲ, ಬೆಳಗಿನ ಜಾವ ಕಷ್ಟವಾಯಿತು. ಎಂಟು ವರ್ಷ ನಾಲ್ಕು ಗಂಟೆಗೆ ಎದ್ದ ದೇಹ ಈಗಲೂ ಏಳುತ್ತದೆ. ಎದ್ದರೆ ಮಾಡಲಿಕ್ಕೆ ಏನೂ ಇಲ್ಲ. ಮೊದಮೊದಲು ಕತ್ತಲಲ್ಲಿ ಅಡುಗೆಮನೆಯ ಡಬ್ಬಿಗಳನ್ನು ತೆಗೆದು ಒರೆಸಿ ಮತ್ತೆ ಇಡುತ್ತಿದ್ದೆ. ಬಾಣಂತನ ಮುಗಿಸಿ ಮಗುವನ್ನು ಯಾರಿಗೋ ಕೊಟ್ಟು ಬಂದ ಹಾಗೆ ಅನ್ನಿಸುತ್ತಿತ್ತು. ಇದನ್ನು ಯಾರಿಗಾದರೂ ಹೇಳಿದರೆ ಸೊಕ್ಕು ಎಂದುಕೊಂಡಾರೆಂದು ಸುಮ್ಮನಿದ್ದೆ.

ಕೊನೆಯ ಥ್ಯಾಂಕ್ಸ್ ಮಗಳಿಗೆ, ಜೊತೆಗೆ ಕ್ಷಮೆಯೂ. ನಾನು ನೋಂದಣಿ ಮಾಡಿಸಿದಾಗ ಅವಳು ಎರಡನೇ ತರಗತಿ, 'ಅಮ್ಮ, ಲೈಟು ಕಣ್ಣಿಗೆ ಹೊಡಿತೈತಿ' ಎಂದು ಚಾದರ ಎಳೆದುಕೊಳ್ಳುತ್ತಿದ್ದಳು. ಅವಳ ಶಾಲೆಯ ಒಂದು ಗ್ಯಾದರಿಂಗ್‌ಗೂ ನಾನು ಪೂರ್ತಿ ಕೂತಿಲ್ಲ. ಈಗ ಅವಳದು ಎಸ್ಸೆಸ್ಸೆಲ್ಸಿ. ಹೋದ ವಾರದಿಂದ ನಾಲ್ಕಕ್ಕೆ ಅಲಾರಾಂ ಅವಳೇ ಇಟ್ಟುಕೊಂಡು ಏಳುತ್ತಾಳೆ, ನನ್ನದೇ ಮೇಜು, ನನ್ನದೇ ದೀಪ. ನಾನು ಚಹಾ ಮಾಡಿಕೊಟ್ಟು ಎದುರಿಗೆ ಕೂಡುತ್ತೇನೆ. ನಿನ್ನೆ ತ್ರಿಕೋನಮಿತಿಯ ಒಂದು ಲೆಕ್ಕಕ್ಕೆ ಪೆನ್ನು ಕಚ್ಚಿಕೊಂಡು ನಿಂತುಬಿಟ್ಟಳು. ನನ್ನ ಬಾಯಿ ತೆರೆದೇಬಿಟ್ಟಿತ್ತು, ಅವಳು ತಲೆ ಎತ್ತದೆ 'ಅಮ್ಮ, ನೀ ಹೇಳಬ್ಯಾಡ' ಅಂದಳು. ಮನಸ್ಸಿನಲ್ಲೇ ಎಣಿಸತೊಡಗಿದೆ. ಒಂದು, ಎರಡು, ಮೂರು. ಹನ್ನೊಂದೂ ದಾಟಿತು. ನಲವತ್ತರ ಹತ್ತಿರ ಬಂದಾಗ ಏನೋ ಬರೆದಳು. ತಪ್ಪಾಗಿತ್ತು. ಮತ್ತೆ ಒಂದರಿಂದ ಎಣಿಸಿದೆ.